ಎಂಬತ್ತೊಂದನೇ ಪುಟ

1961ರ ಜೂನ್ 26, ಸೋಮವಾರ ಸಂಜೆ 4 ಗಂಟೆ 40 ನಿಮಿಷಕ್ಕೆ ಬಸವನ ಬಾಗೇವಾಡಿ ಪೊಲೀಸ್ ಠಾಣೆಯ ಮುಂದೆ ಒಬ್ಬ ಸೈಕಲ್ ಬಿಟ್ಟು ಓಡಿ ಬಂದ. ಹೆಸರು ದಾವಲಮಲಿಕ, ಊರು ಹೂವಿನ ಹಿಪ್ಪರಗಿ. ಅವನ ಅಂಗಿಯ ತೋಳಿಗೆ ರಕ್ತ ಹತ್ತಿತ್ತು.

"ಮಾಸ್ತರನ್ನ ಕಡದ ಹಾಕ್ಯಾರ್ರಿ."

"ಯಾವ ಮಾಸ್ತರ?" ಫೌಜದಾರ ನಿಜಾಮುದ್ದೀನ ಕೇಳಿದ.

"ನಮ್ಮ ಬಾಜೂ ಮನಿ ಗುರಲಿಂಗಪ್ಪ ಮಾಸ್ತರ್ರಿ. ಬುಕ್ಕ ಬರದಾರಲ್ರಿ, ಅವ್ರು."

ಎಫ್‌ಐಆರ್ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಫೌಜದಾರ ಕಾನ್‌ಸ್ಟೇಬಲ್ ರೇವಪ್ಪನೊಂದಿಗೆ ಜೀಪು ಹತ್ತಿದ. ಇಬ್ಬರೂ ಹೆಣ ಕಂಡವರೇ. ಆದರೂ ಮಾಸ್ತರನ ಮನೆಯ ಪಡಸಾಲೆಯ ಹೊಸ್ತಿಲಲ್ಲಿ ರೇವಪ್ಪ ಒಂದು ಕ್ಷಣ ನಿಂತುಬಿಟ್ಟ.

ಮಾಸ್ತರ ತಾನು ಬರೆದ ಪುಸ್ತಕದ ಪ್ರತಿಗಳ ಮೇಲೆಯೇ ಬಿದ್ದಿದ್ದ. ಕೊಡಲಿಯ ಏಟು ಮೂರು. ಒಂದು ಕುತ್ತಿಗೆಗೆ, ಒಂದು ಹೆಗಲಿಗೆ. ಇನ್ನೊಂದು ಬಲಗೈಯ ನಾಲ್ಕು ಬೆರಳುಗಳನ್ನು ಕತ್ತರಿಸಿ ಕೆಳಗಿನ ಮಣೆಗೂ ಕಚ್ಚು ಹಾಕಿತ್ತು. ಬೆರಳುಗಳು ಮಣೆಯ ಹತ್ತಿರವೇ ಬಿದ್ದಿದ್ದವು. ಪಂಚರನ್ನು ಕೂರಿಸಿ ಪಂಚನಾಮೆ ಬರೆಯುವಾಗ ಅವನ್ನು ಎಣಿಸಿ ಬರೆಯಬೇಕಾಯಿತು. ಪಂಚರಲ್ಲೊಬ್ಬ ಹೊರಗೆ ಹೋಗಿ ವಾಂತಿ ಮಾಡಿ ಬಂದು ಸಹಿ ಹಾಕಿದ.

ಪುಸ್ತಕದ ಹೆಸರು 'ನಾಲ್ಕು ತಾಲೂಕಿನ ನೆಲ'. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಚರಿತ್ರೆ, ನಡಾವಳಿ, ಮುದುಕರು ಹೇಳಿದ ಕತೆಗಳು. ಅದಕ್ಕಾಗಿ ಮಾಸ್ತರ ಹನ್ನೊಂದು ವರ್ಷ ತಾಂಬಾದಿಂದ ನಾಲತವಾಡದವರೆಗೆ ಸೈಕಲ್ ತುಳಿದಿದ್ದ. ವಿಜಾಪುರದ ಮುದ್ರಣಾಲಯದಿಂದ ಗಂಟು ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಇಂಥವನನ್ನು ಕಡಿಯುವ ಕೈಯೂ ಇದೆಯಲ್ಲ ಎಂದು ನಿಜಾಮುದ್ದೀನನಿಗೆ ಸಿಟ್ಟು ಬಂತು.

ಹೆಂಡತಿ ಕಾಶಿಬಾಯಿ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಎರಡು ಗಂಟೆಗೆ ಹೋದವಳು ಮೂರಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಯಾರ ಮ್ಯಾಲಾದ್ರೂ ಸಂಶೆ ಐತೇನ್ರಿ, ತಾಯಿ?"

"ಅವ್ರಿಗೆ ವೈರಿ ಯಾರ್ರೀ ಸಾಹೇಬ್ರ? ಊರೂರ ಮುದುಕ್ರ ಬಾಜೂ ಕುಂತು ಕತಿ ಕೇಳಿದ ಮನಶ್ಯಾ."

ಅಷ್ಟರಲ್ಲಿ ರೇವಪ್ಪ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದ. "ಸಾಹೇಬ್ರ, ಅರವತ್ತೆರಡು ಬುಕ್ಕ ಅದಾವ್ರಿ. ಎಲ್ಲಾದ್ರಾಗೂ ಒಂದೇ ಹಾಳಿ ಕಿತ್ತೈತ್ರಿ."

ಚಿತ್ರಗಳೆಲ್ಲ ಪುಸ್ತಕದ ಆರಂಭದಲ್ಲೇ ಒಟ್ಟಿಗೆ ಇದ್ದವು. ಕಿತ್ತದ್ದು ಎರಡನೆಯ ಚಿತ್ರ. ಪಟ್ಟಿಯಲ್ಲಿ ಅದರ ಹೆಸರು 'ಹುಡೇದಿನ್ನಿಯ ಅಗಸಿ', ಅಂದರೆ ಆ ಊರಿನ ಹೆಬ್ಬಾಗಿಲು. ಆ ಊರಿನ ಕತೆ ಇದ್ದದ್ದು ಎಂಬತ್ತೊಂದನೇ ಪುಟದಲ್ಲಿ. ಆ ಪುಟವನ್ನು ಯಾರೂ ಮುಟ್ಟಿರಲಿಲ್ಲ.

"ಓದಾಕ ಬರ್ತಿದ್ರ ಬರದಿದ್ದನ್ನ ಹರೀತಿದ್ದ," ನಿಜಾಮುದ್ದೀನ ಅಂದ. "ಇಂವಗ ಗುರ್ತ ಹತ್ತಿದ್ದು ಚಿತ್ರ ಅಷ್ಟ. ಹುಡೇದಿನ್ನಿಯಾಂವ, ಓದು ಬರದಾಂವ."

ಮರುದಿನ ಬೆಳಿಗ್ಗೆ 8 ಗಂಟೆಗೆ ಇಬ್ಬರೂ ಹುಡೇದಿನ್ನಿಯಲ್ಲಿದ್ದರು. ಇಡೀ ಊರಿಗೆ ಆ ಪುಸ್ತಕ ಇದ್ದದ್ದು ಒಂದೇ ಪ್ರತಿ, ಅಗಸಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಸಿಂಪಿಗೇರ ಸಾಯಬಣ್ಣನ ಹತ್ತಿರ. ಸಂಜೆ ಕಟ್ಟೆಯ ಮೇಲೆ ಕೂತು ಅವನು ಗಟ್ಟಿಯಾಗಿ ಓದುತ್ತಿದ್ದ, ಊರು ಕೇಳುತ್ತಿತ್ತು.

"ನಿಮ್ಮೂರ ಕತಿ ಓದಿದಿ?" ನಿಜಾಮುದ್ದೀನ ಕೇಳಿದ.

"ಓದೇನ್ರಿ."

"ಅದನ್ನ ಕೇಳಿ ಯಾರಿಗೆ ಸಿಟ್ಟ ಬಂತು?"

ಸಾಯಬಣ್ಣ ಸೂಜಿಗೆ ದಾರ ಪೋಣಿಸತೊಡಗಿದ. ದಾರ ಸೂಜಿಯೊಳಗೆ ಹೋಗಲಿಲ್ಲ. "ಸೋಮನಿಂಗಗ ಬಂತ್ರಿ. ಅಗಸಿ ಕಾಯೂ ಮನೆತನ ಅವರದು. ಅವರ ಮುತ್ಯಾ ಒಂದ ರುಮಾಲಿನ ಆಸೇಕ ದಂಡಿನವ್ರಿಗೆ ಅಗಸಿ ತಗದ ಅಂತ ಬುಕ್ಕಿನ್ಯಾಗ ಐತ್ರಿ."

ರಾತ್ರಿಯೇ ಆ ಪುಟ ಓದಿದ್ದ ನಿಜಾಮುದ್ದೀನ ಪುಸ್ತಕ ಅವನ ಮುಂದೆ ಹಿಡಿದ. "ಎಲ್ಲೈತಿ? ಬೆರಳ ಇಟ್ಟ ತೋರಸು."

ಸಾಯಬಣ್ಣನ ಬೆರಳು ಪುಟದ ಮೇಲಿಂದ ಕೆಳಗೆ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಫೌಜದಾರನ ಕೈ ಅವನ ಕಪಾಳಕ್ಕೆ ಬಿತ್ತು. ತುಟಿ ಒಡೆದು ಹೊಲಿಯುತ್ತಿದ್ದ ಅಂಗಿಯ ಮೇಲೆ ರಕ್ತ ಸುರಿಯಿತು.

"ಮಂದೀನ ನಗಸಾಕ ಒಂದ್ ಮಾತ ಸೇರಿಸಿದ್ನಿರಿ," ಅವನು ಅಳತೊಡಗಿದ. "ಅಚ್ಚಾಗೇತಿ ಅಂದ್ರ ಖರೇನ ಅಂತ ಗೌಡ್ರು ಅಂದ್ಬಿಟ್ರು. ಆಮ್ಯಾಲ ಸುಳ್ಳ ಹೇಳಿದ್ನಿ ಅಂತ ಹ್ಯಾಂಗ್ ಹೇಳ್ಲಿರಿ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಡೇದಿನ್ನಿಯಲ್ಲಿ ಕಾರಹುಣ್ಣಿಮೆಗೆ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ, ಎತ್ತುಗಳು ಓಡಿ ಬಂದು ಅದನ್ನು ಹರಿಯುತ್ತವೆ. ಅದಕ್ಕೆ ಕರಿ ಎನ್ನುತ್ತಾರೆ. ಆ ಹಗ್ಗ ಕಟ್ಟುವ ಮಾನ ಐದು ತಲೆಮಾರಿನಿಂದ ಸೋಮನಿಂಗನ ಮನೆಯದು. ಹೊಲವಿಲ್ಲದ, ಎತ್ತಿಲ್ಲದ ಅವನಿಗೆ ಊರಲ್ಲಿದ್ದ ಆಸ್ತಿ ಅದೊಂದೇ. ಸಾಯಬಣ್ಣ ಓದಿದ ಮೂರನೆಯ ದಿನ ಹಿರಿಯರು ಕೂತು, ಊರಿಗೆ ಎರಡು ಬಗೆದವರ ಕೈಯಿಂದ ಕರಿ ಬೇಡ, ಈ ವರ್ಷ ಬೇರೆಯವರು ಕಟ್ಟಲಿ ಎಂದು ತೀರ್ಮಾನಿಸಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಹಿರಿಯರು, ಅಚ್ಚಾದದ್ದನ್ನು ಮಾತ್ರ ಇನ್ನೊಬ್ಬರ ಕೈಲಿ ಓದಿಸಿ ನೋಡಲಿಲ್ಲ.

ಸೋಮನಿಂಗನ ಗುಡಿಸಲು ಖಾಲಿ ಇತ್ತು. ಅಗಸಿಯ ದೀಪದ ಗೂಡಿನಲ್ಲಿ ಅರಿವೆಯಲ್ಲಿ ಸುತ್ತಿದ ಅರವತ್ತೆರಡು ಚಿತ್ರಗಳು ಸಿಕ್ಕವು. ಅವನ್ನು ಸುಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಜಪ್ತಿ ಪಂಚನಾಮೆ ಆಯಿತು.

"ಎಲ್ಲಿ ಹುಡಕೂದ್ರಿ?" ರೇವಪ್ಪ ಕೇಳಿದ.

"ಹುಡಕೂದ ಬ್ಯಾಡ. ನಾಳಿ ಕರಿ ಕಟ್ಟೂ ಹೊತ್ತಿಗೆ ಬಂದ ಬರ್ತಾನ."

ಜೂನ್ 28, ಸಂಜೆ 5 ಗಂಟೆ 10 ನಿಮಿಷ. ಬೇರೆ ಮನೆಯವನೊಬ್ಬ ನಿಚ್ಚಣಿಕೆ ಹತ್ತಿ ಹಗ್ಗಕ್ಕೆ ಕೈ ಹಾಕಿದ್ದ. ಬಣ್ಣ ಹಚ್ಚಿದ ಎತ್ತುಗಳ ನಡುವಿನಿಂದ ಸೋಮನಿಂಗ ನುಗ್ಗಿ ಬಂದ. ಕೊಡಲಿ ಮೊದಲು ನಿಚ್ಚಣಿಕೆಗೆ ಬಿತ್ತು, ಮೇಲಿದ್ದವನು ಕಲ್ಲಿನ ಮೇಲೆ ಬಿದ್ದು ತೊಡೆ ಮುರಿದುಕೊಂಡ. ಎರಡನೆಯ ಏಟಿಗೆ ರೇವಪ್ಪನ ಎಡಗೈ ಮೂಳೆ ಕಾಣುವಂತೆ ಸೀಳಿತು. ಫೌಜದಾರನ ಲಾಠಿ ಸೋಮನಿಂಗನ ಮೊಣಕಾಲಿಗೆ ಬಿತ್ತು. ಬಿದ್ದವನನ್ನು ಊರಿನವರೂ ಕಲ್ಲೆತ್ತಿಕೊಂಡು ಬಡಿಯಲು ಬಂದರು. ಅವರನ್ನು ತಡೆಯಲು ನಿಜಾಮುದ್ದೀನ ರಿವಾಲ್ವರ್ ತೆಗೆಯಬೇಕಾಯಿತು. ಬೇಡಿ ಬಿತ್ತು. ಬೆದರಿದ ಎತ್ತುಗಳು ಕರಿ ಹರಿಯದೆ ಹೊಲಕ್ಕೆ ಓಡಿದವು.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಸೋಮನಿಂಗ ಏನನ್ನೂ ಮುಚ್ಚಿಡಲಿಲ್ಲ.

"ಕೇಳಾಕ ಹೋಗಿದ್ನಿರಿ. ಹಂಗ ಬರದಿಲ್ಲೋ ತಮ್ಮಾ, ಕೇಳು ಅಂತ ಮಾಸ್ತರ ಬುಕ್ಕ ಮಣಿ ಮ್ಯಾಲಿಟ್ಟ, ಬೆರಳ ಇಟ್ಟ ಓದಿದ್ರಿ. ಊರಿಗೊಂದ ಬರದು, ನನ್ನ ಮುಂದ ಇನ್ನೊಂದ ಓದ್ತಾನ ಅಂತ ನನಗ ತಲಿ ಕೆಟ್ಟತ್ರಿ. ಬೆರಳಿಗೇ ಮೊದಲ ಹೊಡದ್ನಿರಿ."

ನಿಜಾಮುದ್ದೀನ ಎಂಬತ್ತೊಂದನೇ ಪುಟ ತೆರೆದು ಓದಿದ: "ದಂಡು ಬಂದ ದಿನ ಕಾವಲುಗಾರ ಬೀರಪ್ಪ ಅಗಸಿ ತೆರೆಯಲಿಲ್ಲ. ಅಗುಳಿಗೆ ಬೆನ್ನು ಕೊಟ್ಟು ನಿಂತೇ ಸತ್ತ. ಊರು ಉಳಿಯಿತು. ಆ ಋಣಕ್ಕೆ ಇಂದಿಗೂ ಅವನ ಮನೆಯವರೇ ಕರಿ ಕಟ್ಟುತ್ತಾರೆ."

ಸೋಮನಿಂಗ ಅಲುಗಾಡದೆ ಕೇಳಿದ. "ಅವರ ಕೈಯಾಗ ಕೊಡ್ರಿ," ಅಂದ, ರೇವಪ್ಪನನ್ನು ತೋರಿಸಿ.

ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ರೇವಪ್ಪ ಓದಿದ. ಅವೇ ಮಾತು.

"ಮಾಸ್ತರನೂ ಇದನ್ನ ಓದಿದ್ರಿ," ಸೋಮನಿಂಗ ಅಂದ. "ಒಂದ್ ಅಕ್ಷರ ಸುದ್ದಾ ಬ್ಯಾರೆ ಇಲ್ರಿ."

ಸಾಯಬಣ್ಣನ ಮೇಲೆ ಹಾಕಲು ಕಲಮು ಸಿಗಲಿಲ್ಲ. ಅವನು ಸಾಕ್ಷಿಯ ಹೇಳಿಕೆಗೆ ದುಂಡಗೆ ಸಹಿ ಹಾಕಿ ಊರಿಗೆ ಹೋದ. ಸೋಮನಿಂಗನ ಹೇಳಿಕೆಯನ್ನು ಓದಿ ಹೇಳಲು ಫೌಜದಾರ ಕಾಗದ ಎತ್ತಿಕೊಂಡಾಗ ಅವನು ಬೇಡವೆಂದು ತಲೆಯಾಡಿಸಿ ಹೆಬ್ಬೆರಳು ಮುಂದೆ ಚಾಚಿದ.

"ನೀವು ಏನ್ ಬರದೀರೋ ಅದ ಖರೆ ರಿ. ಅದರ ಬದಲಿ ಆ ಪುಟ ಇನ್ನೊಮ್ಮೆ ಓದ್ರಿ."

ರೇವಪ್ಪ ಓದಿದ. ಈ ಸಲ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದ.