ಸಿಕ್ಕಿಕೊಂಡ ತೋಟಾ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ಹೆಂಗಸು ಠಾಣೆಗೆ ಬಂದರು. ಜೊತೆಗೆ ಬಂದಿದ್ದ ತಮ್ಮ ಒಳಗೆ ಬರದೆ ಬಾಗಿಲ ಚೌಕಟ್ಟಿನ ಹತ್ತಿರವೇ ನಿಂತ. ಅವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು ಅವನ ಉಗುರುಗಳ ಸಂದಿಯಲ್ಲಿತ್ತು.

"ನಮ್ಮ ಯಜಮಾನರ ಬಲಗಣ್ಣು ಹೋಯ್ತು," ಎಂದರು ಆಕೆ. "ಎಡಗಣ್ಣಿನ ವಿಷಯ ಡಾಕ್ಟರು ಬಾಯಿ ಬಿಡ್ತಿಲ್ಲ. ಆದರೆ ನಾನು ಕಣ್ಣಿನ ದೂರು ತಂದಿಲ್ಲ ಮೇಡಂ. ತಪ್ಪೆಲ್ಲ ಅವರದೇ ಅಂತ ಬರೆದು ತಂದು, ಕ್ಲಬ್ಬಿನವರು ಆಸ್ಪತ್ರೇಲೇ ಸಹಿ ಕೇಳ್ತಿದ್ದಾರೆ. ಕಣ್ಣು ಹೋದವರ ಹೆಸರೂ ಹೋಗಬೇಕಾ?"

ಇನ್ಸ್‌ಪೆಕ್ಟರ್ ಬಾಗಿಲ ಕಡೆ ನೋಡಿದರು. "ನೀವೇನಂತೀರಿ?"

"ಅಕ್ಕ ಹೇಳಿದ್ದೇ," ಎಂದ ತಮ್ಮ.

ಆಕೆಯ ಗಂಡ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಸೈನ್ಯದ ಗೇಟಿನೊಳಗೆ ಕಾಲಿಟ್ಟವರಲ್ಲ. ಆದರೂ ಊರಿಗೆಲ್ಲ ಅವರು ಮೇಜರ್. ಗುಂಡು ಹೊಡೆಯುವ ಕ್ಲಬ್ಬಿನಲ್ಲಿ ಹಳೆಯ ಯುದ್ಧಕಾಲದ ಎರಡು ರೈಫಲ್‌ಗಳಿದ್ದವು. ವರ್ಷಕ್ಕೊಮ್ಮೆ ಜನರೆದುರು ಅವುಗಳಲ್ಲಿ ಒಂದನ್ನು ಮೇಜರ್ ಹಾರಿಸುತ್ತಿದ್ದರು. ಈ ಭಾನುವಾರ ಮೊದಲ ಗುಂಡು ಗುರಿಗೆ ಬಿದ್ದಿತ್ತು. ಎರಡನೆಯ ತೋಟಾ ಸಿಕ್ಕಿಕೊಂಡಿತು. ಮೇಜರ್ ತೋಟಾವನ್ನು ನಳಿಕೆಯೊಳಗೆ ದೂಡುವ ಬೋಲ್ಟನ್ನು ಹಿಂದಕ್ಕೆಳೆದು ಜೋರಾಗಿ ಮುಂದಕ್ಕೆ ತಳ್ಳಿದರು. ಬೋಲ್ಟ್ ಮುಚ್ಚಿಕೊಳ್ಳುವ ಮೊದಲೇ ಒಳಗಿನ ತೋಟಾ ಸಿಡಿಯಿತು. ಹಿತ್ತಾಳೆಯ ಚೂರುಗಳು ಮುಖಕ್ಕೆ ಬಡಿದವು.

ಅಪರಿಚಿತರ ನಿರ್ಲಕ್ಷ್ಯದಿಂದಾದ ತೀವ್ರ ಗಾಯವೆಂದು ದಫೇದಾರರು ಎಫ್ಐಆರ್ ದಾಖಲಿಸಿಕೊಂಡರು. ಪ್ರತಿಯನ್ನು ತಮ್ಮ ಈಸಿಕೊಂಡ. ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಮಧ್ಯಾಹ್ನ ಕ್ಲಬ್ಬಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ತಗಡಿನ ಮಾಡಿನ ಕೆಳಗೆ ಉದ್ದನೆಯ ಸಿಮೆಂಟು ಕಟ್ಟೆ, ಮೊಣಕೈ ಊರಲು ಮರಳು ಚೀಲಗಳು. ಒಂದು ಚೀಲದ ಮೇಲೆ ರಕ್ತ ಒಣಗಿ ಕಂದಾಗಿತ್ತು. ರೈಫಲ್ ಇದ್ದಲ್ಲೇ ಇತ್ತು, ಬೋಲ್ಟ್ ಅರ್ಧ ತೆರೆದುಕೊಂಡು. ಹಿತ್ತಾಳೆಯ ಚೂರುಗಳನ್ನು ದಫೇದಾರರು ಇಕ್ಕಳದಲ್ಲಿ ಆಯ್ದು ಲಕೋಟೆಗೆ ಹಾಕಿದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ತೋಟಾ ಸಿಕ್ಕಿಕೊಂಡರೆ ಕೈ ಎತ್ತಿ. ಬೋಲ್ಟ್ ಮುಟ್ಟಬೇಡಿ.

"ಇದನ್ನ ಬರೆಸಿದ್ದೇ ಮೇಜರ್," ಎಂದ ಕ್ಲಬ್ಬಿನ ಕಾರ್ಯದರ್ಶಿ. "ಕೈ ಎತ್ತದೇ ಇದ್ದವರನ್ನ ಮನೆಗೆ ಕಳಿಸ್ತಿದ್ರು. ನೋಡಿ ಮೇಡಂ, ಈ ತೋಟಾಗಳ ಬುಡಕ್ಕೆ ಅಂಚು ಇರುತ್ತೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತೆ. ಅವರು ತುಂಬಿದ್ದೇ ತಪ್ಪು. ವಯಸ್ಸಾಯ್ತು."

"ತುಂಬಿದ್ದನ್ನ ನೀವು ನೋಡಿದ್ರಾ?"

"ಇಲ್ಲ."

"ಮತ್ತೆ ಸಹಿ ಕೇಳೋಕೆ ಅಷ್ಟೊಂದು ಅವಸರ ಯಾಕೆ?"

"ಕ್ಲಬ್ಬಿನ ಪರವಾನಗಿ ಹೋದರೆ ನನ್ನ ತಲೆಗೇ ಬರುತ್ತಲ್ಲ ಮೇಡಂ," ಎಂದ ಕಾರ್ಯದರ್ಶಿ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕನಾಗಿದ್ದ.

ಇನ್ಸ್‌ಪೆಕ್ಟರ್ ಎರಡೂ ರೈಫಲ್‌ಗಳನ್ನು ವಶಪಡಿಸಿಕೊಂಡರು. ಜೀಪಿನಲ್ಲಿ ದಫೇದಾರರು ಕೇಳಿದರು, "ಸಿಡಿದಿದ್ದು ಒಂದೇ ಅಲ್ವಾ ಮೇಡಂ? ಇನ್ನೊಂದು ಯಾಕೆ?"

"ಗೊತ್ತಿಲ್ಲ. ಜೊತೆಗಿದ್ದದ್ದು ಜೊತೆಗೇ ಇರಲಿ."

ಆಸ್ಪತ್ರೆಯಲ್ಲಿ ಮೇಜರ್ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೆಟ್ಟಗೆ ಮಲಗಿದ್ದರು. ಹಾಸಿಗೆಯ ಮೇಲೂ ಕೈಗಳು ಮೈಗೆ ಒತ್ತಿಕೊಂಡೇ ಇದ್ದವು. ಬೂಟಿನ ಸದ್ದಿಗೆ ತಲೆ ತಿರುಗಿಸಿದರು.

"ಬೂಟಿನ ಹಿಮ್ಮಡಿ ಸವೆದಿದೆ," ಎಂದರು. "ಯಾರಪ್ಪಾ ಅದು?"

ದಫೇದಾರರು ನಾಚಿಕೊಂಡು ಹೆಜ್ಜೆ ಹಗುರ ಮಾಡಿದರು.

"ತೋಟಾ ಹೇಗೆ ತುಂಬಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಸರಿಯಾಗೇ ತುಂಬಿದ್ದೆ ಅಂದ್ಕೊಂಡಿದ್ದೆ. ಈಗ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಬರ್ಕೊಳ್ಳಿ. ರೈಫಲ್‌ದು ತಪ್ಪಿಲ್ಲ. ಅದನ್ನ ನೋಡಿಕೊಳ್ಳೋನು ನನ್ನ ಭಾವಮೈದ, ಮಗು ಸಾಕಿದ ಹಾಗೆ ಸಾಕಿದ್ದಾನೆ. ಅವಂದೂ ತಪ್ಪಿಲ್ಲ. ನಂದೇ."

"ಸಿಕ್ಕಿಕೊಂಡಾಗ ಕೈ ಯಾಕೆ ಎತ್ತಲಿಲ್ಲ?"

"ಬೇರೆಯವರ ಕೈಲಿ ಎತ್ತಿಸಿ ಗೊತ್ತು. ನಾನೇ ಎತ್ತಿ ಗೊತ್ತಿಲ್ಲ," ಎಂದು ಮೇಜರ್ ನಗಲು ಹೋದರು. ಕೆನ್ನೆಯ ಹೊಲಿಗೆ ಎಳೆದು ನಗು ಅಲ್ಲೇ ನಿಂತಿತು.

ಮಂಗಳವಾರ ಬೆಳಿಗ್ಗೆ ಜಿಲ್ಲಾ ಶಸ್ತ್ರಾಗಾರದಿಂದ ಆರ್ಮರರ್ ಬಂದ. ಇಲಾಖೆಯ ಬಂದೂಕುಗಳನ್ನು ದುರಸ್ತಿ ಮಾಡುವ ಅವನಿಗೆ ಠಾಣೆಯವರು ಇಟ್ಟ ಹೆಸರು ಎಣ್ಣೆ ಡಬ್ಬಿ. ಸಿಡಿದ ಚೂರುಗಳನ್ನು ತೆಗೆದು, ನಳಿಕೆ ಪರೀಕ್ಷಿಸಿ, ಮದ್ದಿಲ್ಲದ ಡಮ್ಮಿ ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

ಮೊದಲು ಕಾರ್ಯದರ್ಶಿ ಹೇಳಿದ ಹಾಗೆಯೇ ಅಂಚುಗಳನ್ನು ಉಲ್ಟಾ ಜೋಡಿಸಿ ತುಂಬಿದ. ಬೋಲ್ಟ್ ತಳ್ಳಿದ. ಅದು ಗೋಡೆಗೆ ಗುದ್ದಿದಂತೆ ನಿಂತಿತು.

"ಹೀಗಾದರೆ ತೋಟಾ ಜಾಗ ಬಿಟ್ಟು ಅಲ್ಲಾಡೋದೇ ಇಲ್ಲ," ಎಂದ. "ನಳಿಕೆಯ ಬುಡಕ್ಕೆ ಏನೂ ಹೋಗಿಲ್ಲ. ಏನೂ ಹೋಗದೇ ಇದ್ದ ಮೇಲೆ ಸಿಡಿಯೋದೇನು? ಮಣ್ಣು."

ಬಿಚ್ಚಿ, ಸರಿಯಾಗಿ ತುಂಬಿದ. ಮೊದಲ ತೋಟಾ ಸಲೀಸಾಗಿ ಹೋಯಿತು, ಸಲೀಸಾಗಿ ಬಂತು. ಎರಡನೆಯದು ಮ್ಯಾಗಜೀನಿನಿಂದ, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆಯಿಂದ, ಹೊರಡಬೇಕಾದ್ದಕ್ಕಿಂತ ಮೊದಲೇ ಪುಟಿದು, ಬೋಲ್ಟಿನ ಕೊಕ್ಕೆಗೆ ಸಿಗದೆ ತಾನೇ ಒಳಗೆ ಜಾರಿತು; ಬೋಲ್ಟ್ ಅರ್ಧದಲ್ಲೇ ತಡೆಯಿತು. ಆರ್ಮರರ್ ಬೋಲ್ಟನ್ನು ಹಿಂದಕ್ಕೆಳೆದ. ಬರಿಗೈಯಲ್ಲಿ ಬಂತು ಬೋಲ್ಟ್. ಕೊಕ್ಕೆ ಹಿಡಿಯದ ತೋಟಾ ಒಳಗೇ ಉಳಿದಿತ್ತು.

"ಈಗ ನೋಡಿ ಮೇಡಂ. ಒಳಗೆ ಒಂದಿದೆ ಅಂತ ಹಾರಿಸೋನಿಗೆ ಗೊತ್ತಿಲ್ಲ. ಇನ್ನೊಮ್ಮೆ ತಳ್ತಾನೆ." ಮೂರನೆಯದು ಎದ್ದು ಬಂದು ತನ್ನ ಚೂಪು ಮೂತಿಯನ್ನು ಎರಡನೆಯದರ ಬುಡಕ್ಕೆ ಊರಿತು. "ಬುಡದ ನಡುವೆಯೇ ಸಿಡಿಮದ್ದು ಇರೋದು. ಸಿಟ್ಟಲ್ಲಿ ತಳ್ಳಿದರೆ ಮುಗೀತು."

"ಕಾರಣ?"

"ಮ್ಯಾಗಜೀನ್. ತೋಟಾ ಹಿಡಿಯೋ ತುಟಿಗಳು ಈ ರೈಫಲ್ಲಿಗೆ ಹೊಂದಲ್ಲ. ಹಳೇ ಕಾಲದಲ್ಲಿ ಒಂದೊಂದು ರೈಫಲ್ಲಿಗೆ ಒಂದೊಂದು ಮ್ಯಾಗಜೀನ್ ಕೂರಿಸಿ, ಕೈಯಲ್ಲೇ ತಿದ್ದಿ ಕೊಡ್ತಿದ್ರು. ನೋಡೋಕೆಲ್ಲ ಒಂದೇ. ಗಂಡ ಹೆಂಡತಿ ಇದ್ದ ಹಾಗೆ, ಬದಲಿಸಿದರೆ ಸಂಸಾರ ನಡೆಯಲ್ಲ."

"ಅನುಭವದ ಮಾತಾ?" ಎಂದರು ದಫೇದಾರರು.

"ನಿಮ್ಮ ಮನೆಯವರನ್ನ ಕೇಳಿ ಹೇಳ್ತೀನಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಗೋಡೆಗೆ ಒರಗಿಸಿದ್ದ ಎರಡನೆಯ ರೈಫಲ್ ಕಡೆ ಕೈ ತೋರಿಸಿದರು. ಅದೂ ಹಾಗೆಯೇ ತಡವರಿಸಿತು. ಆಗ ಎರಡರ ಮ್ಯಾಗಜೀನ್‌ಗಳನ್ನೂ ಬಿಚ್ಚಿಸಿ, ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಹಾಕಿಸಿದರು. ಡಮ್ಮಿಗಳು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಒಂದರ ಹಿಂದೆ ಒಂದು ಹೋಗಿ ಬಂದವು. ಪಂಚರ ಸಮಕ್ಷಮ ಮತ್ತೆ ಮತ್ತೆ ಮಾಡಿ ನೋಡಿದರು. ಒಂದೂ ಸಿಕ್ಕಿಕೊಳ್ಳಲಿಲ್ಲ.

ಕಾರ್ಯದರ್ಶಿಯನ್ನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಮ್ಯಾಗಜೀನ್ ಯಾರು ಬಿಚ್ಚುತ್ತಾರೆ?

"ಯಾರೂ ಬಿಚ್ಚಲ್ಲ ಮೇಡಂ. ಮೇಲಿಂದಲೇ ತೋಟಾ ಒತ್ತಿ ತುಂಬೋದು. ಬಿಚ್ಚಬಾರದು ಅಂತ ಮೇಜರ್ ಕಟ್ಟಪ್ಪಣೆ. ಅವರ ಭಾವಮೈದ ಒಬ್ಬನೇ, ತೊಳೆಯೋಕೆ. ಶನಿವಾರ ಸಂಜೆ ತೊಳೆದಿಟ್ಟು ಹೋದ."

ರಿಪೇರಿ ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವಿನ ಸಂದಿಯಂತಿತ್ತು. ಮೊಳೆಗಳಿಗೆ ಬೆಲ್ಟುಗಳು ತೂಗುಬಿದ್ದಿದ್ದವು. ಭಾವಮೈದ ಒಂದು ಯಂತ್ರವನ್ನು ಹಿಂದಕ್ಕೆ ಮಲಗಿಸಿಕೊಂಡು ಅದರ ಹೊಟ್ಟೆಯೊಳಗೆ ಬಗ್ಗಿದ್ದ. ಗಿರಾಕಿ ಹೆಂಗಸೊಬ್ಬಳು ಜಗಳದಲ್ಲಿದ್ದಳು.

"ನಾಳೆ ನಾಳೆ ಅಂತ ಎಷ್ಟು ನಾಳೆ ಅಣ್ಣಾ? ನನ್ನ ಮಗಳ ಲಂಗ ಹೊಲಿಯೋ ಹೊತ್ತಿಗೆ ಅವಳಿಗೆ ಮಗಳಾಗಿರುತ್ತೆ."

"ನಾಳೆ ಖಂಡಿತ ಅಕ್ಕಾ," ಎಂದು ತಲೆ ಎತ್ತಿದವನು ಬಾಗಿಲಲ್ಲಿ ಇನ್ಸ್‌ಪೆಕ್ಟರ್, ದಫೇದಾರರ ಖಾಕಿ ನೋಡಿದ. "ಇಲ್ಲ ಅಕ್ಕಾ. ಬೇರೆ ಕಡೆ ತಗೊಂಡು ಹೋಗಿಬಿಡಿ," ಎಂದ.

ಹೆಂಗಸು ಪೊಲೀಸರಿಬ್ಬರನ್ನೂ ನೋಡಿ ಹೊರಟುಹೋದಳು.

"ಶನಿವಾರ ಎರಡೂ ಮ್ಯಾಗಜೀನ್ ಬಿಚ್ಚಿದ್ರಿ," ಎಂದರು ಇನ್ಸ್‌ಪೆಕ್ಟರ್.

"ಹೌದು."

"ಹಾಕುವಾಗ ಅದಲು ಬದಲಾಗಿದೆ."

ಅವನು ಸ್ಕ್ರೂ ಡ್ರೈವರನ್ನು ಬಟ್ಟೆಯಲ್ಲಿ ಒರೆಸತೊಡಗಿದ.

"ನೋಡೋಕೆ ಎರಡೂ ಅವಳಿ. ಕಣ್ತಪ್ಪಾಗಿದ್ದರೆ ಕಣ್ತಪ್ಪು ಅಂತಲೇ ಹೇಳಿ."

ದಫೇದಾರರು ಚಕಿತರಾಗಿ ಮೇಡಂ ಮುಖ ನೋಡಿದರು. ಬಾಗಿಲನ್ನು ತಾವಾಗಿಯೇ ತೆರೆದಿಟ್ಟ ಹಾಗಿತ್ತು ಆ ಮಾತು. ಇನ್ಸ್‌ಪೆಕ್ಟರ್‌ಗೆ ನಿನ್ನೆಯಿಂದ ಆ ಅಕ್ಕನ ಮುಖ ಕಣ್ಣ ಮುಂದಿತ್ತು. ಕಣ್ತಪ್ಪೇ ಆಗಿರಲಿ ಎಂದು ತಾನು ಬಯಸುತ್ತಿರುವುದು ಅವರಿಗೂ ತಿಳಿದಿತ್ತು.

"ಭಾವ ಏನು ಹೇಳಿದ್ರು?" ಅವನು ಕೇಳಿದ.

"ನಿಮ್ಮದೇನೂ ತಪ್ಪಿಲ್ಲ ಅಂದರು. ರೈಫಲ್ಲನ್ನ ಮಗು ಸಾಕಿದ ಹಾಗೆ ಸಾಕಿದ್ದೀರಂತೆ. ತಪ್ಪು ತಮ್ಮದೇ ಅಂತ ಬರೆಸಿದ್ದಾರೆ."

ಒರೆಸುತ್ತಿದ್ದ ಕೈ ನಿಂತಿತು.

"ಕಣ್ತಪ್ಪಲ್ಲ ಮೇಡಂ. ತಿಳಿದೇ ಹಾಕಿದೆ."

"ಯಾಕೆ?"

"ಭಾವನ ಕೈ ನಡುಗ್ತಿತ್ತು. ಕಾಫಿ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಹೇಳಿದರೆ ರೇಗೋರು. ಯಾರಿಗಾದರೂ ಗುಂಡು ತಗುಲೀತು ಅಂತ ಅಕ್ಕನಿಗೆ ನಿದ್ದೆ ಇರಲಿಲ್ಲ. ಹೇಗಾದರೂ ಮಾಡಿ ಬಿಡಿಸೋ ಅಂದಳು. ಜನರ ಮುಂದೆ ಒಂದು ಸಲ ಸಿಕ್ಕಿಕೊಂಡರೆ ಬೇಜಾರಾಗಿ ಬಿಡ್ತಾರೆ ಅಂದ್ಕೊಂಡೆ. ಎರಡೇ ಡಮ್ಮಿ ಹಾಕಿ ನೋಡಿದ್ದೆ. ಎರಡನೇದು ಬರೀ ಸಿಕ್ಕಿಕೊಳ್ತು. ಮೂರನೇದು ಹಿಂದಿನಿಂದ ಬಂದು ಗುದ್ದುತ್ತೆ ಅಂತ ಹೊಳೀಲಿಲ್ಲ. ಭಾವ ಕೈ ಎತ್ತೇ ಎತ್ತುತ್ತಾರೆ ಅಂತಿದ್ದೆ. ಅವರೇ ಬರೆಸಿದ ನಿಯಮ."

ಮಧ್ಯಾಹ್ನ ಮೂರಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಅಂಗಡಿಯ ಬಾಗಿಲನ್ನು ಅವನೇ ಎಳೆದು ಬೀಗ ಹಾಕಿ, ಬೀಗದ ಕೈಯನ್ನು ದಫೇದಾರರಿಗೆ ಕೊಟ್ಟ.

ಸುದ್ದಿ ತಿಳಿದು ಅಕ್ಕ ಠಾಣೆಗೆ ಓಡಿ ಬಂದರು. ತಮ್ಮನನ್ನು ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ದಫೇದಾರರು ನಡುವೆ ನಿಲ್ಲಲು ಸಿದ್ಧರಾಗಿದ್ದರು. ಆಕೆ ನೇರವಾಗಿ ಮೇಜಿನ ಹತ್ತಿರ ಹೋದರು.

"ನನ್ನ ಹೆಸರೂ ಬರ್ಕೊಳ್ಳಿ ಮೇಡಂ. ಬಿಡಿಸು ಅಂದಿದ್ದು ನಾನು. ನಾನು ಅನ್ನದಿದ್ದರೆ ಇವನು ಇರುವೆ ತುಳಿಯೋನಲ್ಲ. ನನ್ನ ಗಂಡನ ಕಣ್ಣು ನಾನೇ ತೆಗೆಸಿದೆ."

"ಅಕ್ಕಾ, ನೀನು ಸುಮ್ನಿರು."

"ಏನು ಸುಮ್ನಿರೋದು? ದೂರು ಕೊಡೋಕೆ ಹೊರಟಾಗ ಬಾಯಿ ಮುಚ್ಕೊಂಡು ಸ್ಕೂಟರಲ್ಲಿ ಕೂರಿಸ್ಕೊಂಡು ಬಂದೆಯಲ್ಲೋ ಪಾಪಿ! ಅಲ್ಲೇ ಒಂದು ಮಾತು ಹೇಳಬಾರದಿತ್ತಾ?"

ಅವನು ಅಕ್ಕನನ್ನು ಬಿಟ್ಟು ಇನ್ಸ್‌ಪೆಕ್ಟರ್ ಕಡೆ ತಿರುಗಿದ.

"ಅಂಗಡೀಲಿ ಹೇಳಿದ್ದು ಸುಳ್ಳಲ್ಲ ಮೇಡಂ. ಆದರೆ ಪೂರ್ತಿ ಅಲ್ಲ. ಅಕ್ಕ ಹೇಳಿದ್ದು ನನಗೊಂದು ನೆಪ ಆಯ್ತು. ಅವಳು ಹೇಳದಿದ್ದರೂ ಒಂದು ದಿನ ಮಾಡ್ತಿದ್ದೆನೇನೋ. ಭಾವ ನನ್ನನ್ನ ಯಾರಿಗೇ ಪರಿಚಯ ಮಾಡಿಕೊಟ್ಟರೂ ಒಂದೇ ಮಾತು. ಇವನು ನನ್ನ ಭಾವಮೈದ, ರೈಫಲ್ಲಿಗೆ ಎಣ್ಣೆ ಹಾಕ್ತಾನೆ. ಎಲ್ಲರೂ ನಗೋರು, ನಾನೂ ನಗ್ತಿದ್ದೆ. ಪ್ರದರ್ಶನದಲ್ಲಿ ಒಂದೇ ಒಂದು ಗುಂಡು ಹೊಡೀತೀನಿ ಅಂತ ಪ್ರತಿ ವರ್ಷ ಕೇಳ್ತಿದ್ದೆ. ಮುಂದಿನ ವರ್ಷ ನೋಡೋಣ ಅನ್ನೋರು. ಈ ಸಲ ಸಿಕ್ಕಿಕೊಂಡಾಗ ಅವರು ಕೈ ಎತ್ತಬೇಕಿತ್ತು. ನಾನು ಎದ್ದು ಹೋಗಿ ಎಲ್ಲರ ಮುಂದೆ ಸರಿಮಾಡಬೇಕಿತ್ತು. ಅದನ್ನ ನೋಡೋಕೆ ಮುಂದಿನ ಸಾಲಲ್ಲೇ ಕೂತಿದ್ದೆ."

"ಇದು ಕಾಯಿದೆಗೆ ಬೇಕಾಗಿಲ್ಲ," ಎಂದರು ಇನ್ಸ್‌ಪೆಕ್ಟರ್. "ಮೊದಲಿನ ಕಾರಣ ಇದ್ದರೆ ಕೋರ್ಟು ಸ್ವಲ್ಪ ಕರುಣೆ ತೋರಿಸಬಹುದು. ಇದನ್ನ ಬರೆದರೆ ಅದೂ ಇಲ್ಲ."

"ಬರೀರಿ ಮೇಡಂ. ಇಲ್ಲದಿದ್ದರೆ ಇವಳು ಸಾಯೋತನಕ ತಾನೇ ಮಾಡಿಸಿದ್ದು ಅಂತ ಕೊರಗ್ತಾಳೆ."

ಅಕ್ಕ ಅವನನ್ನು ಗುರುತು ಸಿಗದವರಂತೆ ನೋಡಿದರು. ದಫೇದಾರರು ಬರೆದರು. ಅವನು ಸಹಿ ಮಾಡಿದ.

ಸಂಜೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋಗಿ ಮೇಜರ್‌ಗೆ ಎಲ್ಲ ತಿಳಿಸಿದರು. ತೋಟಾ ತುಂಬಿದ್ದರಲ್ಲಿ ತಪ್ಪಿರಲಿಲ್ಲ, ಕ್ಲಬ್ಬಿನ ಕಾಗದಕ್ಕೆ ಸಹಿ ಮಾಡಬೇಕಾಗಿಲ್ಲ ಎಂದರು. ಮೇಜರ್ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಬೆರಳುಗಳು ಹೊದಿಕೆಯ ಅಂಚನ್ನು ಹುಡುಕಿ ಹಿಡಿದುಕೊಂಡವು. ಈಗ ಆ ನಡುಕ ಇನ್ಸ್‌ಪೆಕ್ಟರ್‌ಗೂ ಕಂಡಿತು.

"ಊಟ ಮಾಡಿದನಾ ಅವನು?"

"ಕೊಟ್ಟಿದ್ದೀವಿ."

"ಕೈ ಯಾಕೆ ಎತ್ತಲಿಲ್ಲ ಅಂತ ಕೇಳಿದ್ರಿ ನಿನ್ನೆ." ಮೇಜರ್ ಧ್ವನಿ ತಗ್ಗಿತು. "ಎತ್ತಿದ್ದರೆ ಎದ್ದು ಬರೋನು ಅವನೇ. ಸರಿಮಾಡಿ, ಒಂದು ಗುಂಡು ಹಾರಿಸಿ ನೋಡ್ತಾನೆ. ಹಾಗೆ ನೋಡೋದು ನಿಯಮ. ಎಲ್ಲರಿಗೂ ಗೊತ್ತಾಗಿಬಿಡ್ತಿತ್ತು."

"ಏನು?"

"ಅವನು ನನಗಿಂತ ಚೆನ್ನಾಗಿ ಹೊಡೀತಾನೆ ಅಂತ. ನನಗೆ ಯಾವತ್ತಿನಿಂದಲೋ ಗೊತ್ತು. ಅದಕ್ಕೇ ಒಂದು ಸಲವೂ ಕೊಡಲಿಲ್ಲ."