ಎದುರಿನ ಅಂಚು

ಗಡಿಯಾರ ರಿಪೇರಿಯವನು ಪ್ರತಿ ಶನಿವಾರ ಆ ಹಳೇ ನಾಣ್ಯದಂಗಡಿಗೆ ಬರುತ್ತಿದ್ದುದು ನಾಣ್ಯಕ್ಕಲ್ಲ ಎನ್ನುವುದು ಅಲ್ಲಿ ನಾಣ್ಯ ಪರೀಕ್ಷಿಸುವವಳಿಗೂ ಗೊತ್ತಿತ್ತು, ಅಂಗಡಿಯ ಯಜಮಾನರಾದ ಅವಳ ಸೋದರಮಾವನಿಗೂ ಗೊತ್ತಿತ್ತು. "ಬಂದ ನೋಡಮ್ಮಾ ನಿನ್ನ ಗಿರಾಕಿ," ಎಂದು ಅವರು ಪೇಪರಿನ ಮರೆಯಲ್ಲಿ ನಗುತ್ತಿದ್ದರು. ಅವಳು ಕಣ್ಣಿಗೆ ಲೆನ್ಸ್ ಏರಿಸಿ ಗಂಭೀರಳಾಗುತ್ತಿದ್ದಳು. ಕಿವಿಯ ತುದಿ ಮಾತ್ರ ಅವಳ ಮಾತು ಕೇಳದೆ ಕೆಂಪಾಗುತ್ತಿತ್ತು.

"ಇದು ಟಂಕಸಾಲೆಯ ತಪ್ಪೋ, ಜನರ ಕೈಚಳಕವೋ?" ಅವನು ಯಾವುದೋ ಸವೆದ ಕಾಸು ಮುಂದಿಡುವನು.

"ನೆಲಕ್ಕೆ ಬಿದ್ದು ನೆಗ್ಗಿದ್ದು. ಹೋದ ವಾರದ್ದೂ ಇದೇ ಕಥೆ. ಬೇಕಂತಲೇ ಬೀಳಿಸ್ತೀರಾ ಹೇಗೆ?"

"ಬೀಳಿಸ್ದೆ ಇದ್ರೆ ಇಲ್ಲಿಗೆ ಬರೋಕೆ ನೆಪ ಎಲ್ಲಿಂದ ತರ್ಲಿ?"

ಆರು ತಿಂಗಳು ಹೀಗೇ ಕಳೆದವು. ಅವನ ಅಮ್ಮನನ್ನು ನೋಡಲು ಬರುತ್ತೇನೆಂದು ಅವಳು ಒಪ್ಪಿದ ದಿನ, ಅವನು ಜೇಬಿನಿಂದ ಚಿಕ್ಕ ಬಟ್ಟೆಗಂಟು ತೆಗೆದ.

"ಇದು ನೆಪ ಅಲ್ಲ. ಅಪ್ಪನದು. ಹನ್ನೆರಡು ವರ್ಷದ ಹಿಂದೆ ನಾಣ್ಯಸಂಗ್ರಹದ ಸಂಘಕ್ಕೆ ಕಳಿಸಿದ್ರು. ಅಲ್ಲಿಯವರು, ನೀವೇ ಕತ್ತರಿಸಿ ಅಪರೂಪದ್ದು ಅಂತ ತೋರಿಸ್ತಿದೀರಿ ಅಂದ್ರಂತೆ. ಅಪ್ಪ ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ಸಾಯೋವರೆಗೂ ಒಂದೇ ಮಾತು, ನಾನು ಮುಟ್ಟಿಲ್ಲ ಕಣೋ ಅಂತ."

ಬೆಳ್ಳಿ ನಾಣ್ಯ. ಒಂದು ಕಡೆ ಯಾರೋ ಕಚ್ಚಿದ ಹಾಗೆ ಬಾಗಿದ ಕೊರೆ. ನೋಡುತ್ತಲೇ ಅವಳಿಗೆ ಗುರುತು ಸಿಕ್ಕಿತು. ಆಗಷ್ಟೇ ಕೆಲಸ ಕಲಿಯುತ್ತಿದ್ದಾಗ ಆ ಸಂಘದಲ್ಲಿ ಇದನ್ನು ಅರ್ಧ ನಿಮಿಷ ನೋಡಿ "ಕತ್ತರಿಸಿದ್ದು" ಎಂದು ಬರೆದವಳು ಅವಳೇ. ಹಿರಿಯರು ಭೇಷ್ ಎಂದಿದ್ದರು. ನಾಣ್ಯ ಯಾರದೆಂದು ಅವಳು ಕೇಳಿರಲಿಲ್ಲ.

ಈಗ ಲೆನ್ಸ್ ಇಟ್ಟು ನೋಡಿದಳು. ಆಮೇಲೆ ಕತ್ತರಿಸಿದ್ದಾಗಿದ್ದರೆ ಪಕ್ಕದ ಅಕ್ಷರಗಳು ತುಂಡಾಗಬೇಕಿತ್ತು. ಇವು ಕೊರೆಯ ಕಡೆಗೆ ಎಳೆದಂತಾಗಿ ತೆಳುವಾಗಿದ್ದವು. ನಾಣ್ಯವನ್ನು ತಿರುಗಿಸಿದಳು. ಕೊರೆಗೆ ನೇರ ಎದುರಿನ ಅಂಚು ಸರಿಯಾಗಿ ಎದ್ದೇ ಇರಲಿಲ್ಲ. ಅಚ್ಚು ಒತ್ತುವ ಮೊದಲೇ ಲೋಹದ ಬಿಲ್ಲೆಯಲ್ಲಿ ಕೊರೆ ಇದ್ದರೆ ಮಾತ್ರ ಹಾಗಾಗುತ್ತದೆ. ಅಂದು ಅವಳು ಈ ಕಡೆ ನೋಡಿಯೇ ಇರಲಿಲ್ಲ.

"ಟಂಕಸಾಲೆಯದೇ ತಪ್ಪು. ನಿಮ್ಮಪ್ಪ ಮುಟ್ಟಿಲ್ಲ."

ಅವನ ಮುಖ ಅರಳಿತು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು.

"ಅವತ್ತು ಕತ್ತರಿಸಿದ್ದು ಅಂತ ಬರೆದವಳು ನಾನು."

"ತಮಾಷೆ ಮಾಡ್ತಿದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾವ ಪೇಪರು ಮಡಚಿ ಮೆಲ್ಲನೆ ಒಳಗೆ ಹೋದರು.

"ಅಪ್ಪ ಇದ್ದಾಗ ಇನ್ನೊಂದ್ಸಲ ನೋಡಬಾರದಿತ್ತಾ?" ಎಂದವನು ಉತ್ತರಕ್ಕೆ ಕಾಯದೆ ಗಂಟು ಕಟ್ಟಿಕೊಂಡು ಹೊರಟ.

ಅವಳು ಸಂಘಕ್ಕೆ ತನ್ನ ತಪ್ಪು ಒಪ್ಪಿಕೊಂಡು ಬರೆದಳು, ಓಡಾಡಿದಳು. ತಿಂಗಳ ಮೇಲೆ ಅವರ ಕ್ಷಮಾಪಣೆಯ ಪತ್ರ ಹಿಡಿದು ಒಬ್ಬಳೇ ಅವನ ಮನೆಗೆ ಹೋದಳು. ಅಮ್ಮ ಅದನ್ನು ಎರಡು ಸಲ ಓದಿದರು.

"ಇದು ಅವರ ಕೈಗೆ ಸಿಗಬೇಕಿತ್ತು," ಎಂದರು. ಬೈಯಲಿಲ್ಲ. ಕುಡಿಯಲು ನೀರು ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಬಸ್ ಸ್ಟಾಪಿನವರೆಗೆ ಅವನು ಜೊತೆಗೆ ಬಂದ.

"ನಿಮ್ಮ ಮೇಲೆ ಸಿಟ್ಟಿಲ್ಲ. ಇಷ್ಟ ಕೂಡ ಹೋಗಿಲ್ಲ. ಆದ್ರೆ ನಿಮ್ಮನ್ನ ನೋಡಿದ್ರೆ ಅಪ್ಪ ಕಾಣ್ತಾರೆ. ಏನು ಮಾಡ್ಲಿ ಹೇಳಿ?"

ಬಸ್ಸು ಬಂತು.

"ಹೋಗ್ತೀನಿ," ಎಂದಳು.

"ಬರ್ತೀನಿ ಅನ್ನಬೇಕು," ಅವನು ಅಭ್ಯಾಸಬಲದಿಂದ ತಿದ್ದಿದ. ತಿದ್ದಿ, ಮುಖ ಪಕ್ಕಕ್ಕೆ ತಿರುಗಿಸಿದ.

"ಬರ್ತೀನಿ," ಎಂದಳು ಅವಳು, ಅವನ ಸಮಾಧಾನಕ್ಕೆ.