ಉಳಿದ ಒಂದು ಕೆಂಪು ಗೆರೆ

"ಎಂತ ಮಾರಾಯ್ರೇ, ಒಂದು ಸಾಲು ಸರಿ ಮಾಡ್ಲಿಕ್ಕೆ ಮೂರು ವಾರ ಬೇಕಾ ನಿಮ್ಗೆ?"

ಕೊಚ್ಚಿಯ ಮಟ್ಟಾಂಚೇರಿ ಬೋಟ್ ಜೆಟ್ಟಿಯಲ್ಲಿ ನಿಶ್ಮಿತಾ ಯಶವಂತನಿಗೆ ಎದುರೆದುರು ಹೇಳಿದ ಮೊದಲ ಮಾತೇ ಇದು. ರಜೆ ಹಾಕಿ, ತಾನು ಕೆಲಸ ಮಾಡುವ ಕಳಕ್ಕೂಟಂನಿಂದ ಬೆಳಗಿನ ರೈಲು ಹಿಡಿದು ಬಂದಿದ್ದಳು. ಐದು ತಿಂಗಳಿಂದ ದಿನಾ ಸಂಜೆ ಆರಕ್ಕೆ ಫೋನಿನಲ್ಲಿ ಜಗಳವಾಡಿದ ದನಿಗೆ ಇಷ್ಟು ಚೆಂದದ ಕಣ್ಣಿರಬಹುದೆಂದು ಯಾರಿಗೆ ಗೊತ್ತಿತ್ತು! ಅವಳು ಕೋಪವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಇಬ್ಬರದೂ ಒಂದೇ ಕಂಪನಿ. ಮೈಸೂರಿನ ಯಶವಂತ ಕೊಚ್ಚಿಯಲ್ಲಿ ಕೂತು, ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಮಷೀನಿನ ಕೋಡ್ ಬರೆಯುವವನು. ಆ ಮಷೀನಿನೊಳಗೆ ಗಾರ್ಬೇಜ್ ಕಲೆಕ್ಟರ್ ಒಂದಿದೆ. ಮೆಮೊರಿಯಲ್ಲಿ ಬೇಡದ್ದನ್ನು ಗುಡಿಸುತ್ತ, ಬೇಕಾದ್ದನ್ನು ಅತ್ತಿತ್ತ ಸರಿಸುತ್ತಿರುತ್ತದೆ. ಸರಿಸಿದ ಮೇಲೂ ಹಳೆಯ ಜಾಗವನ್ನೇ ತೋರಿಸುವ ಪಾಯಿಂಟರ್ ಎಲ್ಲಾದರೂ ಉಳಿದರೆ ಮುಗಿಯಿತು, ಪ್ರೋಗ್ರಾಂ ಕುಸಿದು ಬೀಳುತ್ತದೆ. ಅಂಥ ಪಾಯಿಂಟರ್‌ಗಳನ್ನು ಮೊದಲೇ ಹಿಡಿದುಕೊಡುವ ಚೆಕರನ್ನು ಕಾಸರಗೋಡಿನ ನಿಶ್ಮಿತಾ ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದಳು.

ಯಶವಂತನ ಕೋಡಿನಲ್ಲಿ ಅದು ನಲವತ್ತೊಂದು ಕಡೆ ಎಚ್ಚರಿಕೆಯ ಕೆಂಪು ಗೆರೆ ಎಳೆದಿತ್ತು. ನಲವತ್ತನ್ನು ಅವನು ಸರಿ ಮಾಡಿದ. ಒಂದು ಮಾತ್ರ ಹಾಗೇ ಉಳಿಯಿತು. ಕೇಳಿದರೆ, "ನೋಡೋಣ ಕಣ್ರೀ, ನಾಳೆ ಫೋನ್ ಮಾಡಿ" ಅನ್ನುತ್ತಿದ್ದ.

"ನಿನ್ನೆ ನಮ್ಮ ಮ್ಯಾನೇಜರ್ ಸುಮಿತ್ರ ಮ್ಯಾಡಂ ಎಂತ ಹೇಳಿದ್ರು ಗೊತ್ತುಂಟಾ? ಯಶವಂತನೇ ಒಪ್ಪದ ಎಚ್ಚರಿಕೆ ಸುಳ್ಳೇ ಇರ್ಬೇಕು, ಶುಕ್ರವಾರ ಚೆಕರ್ ಆಫ್ ಮಾಡುವ ಅಂತ. ನನ್ನ ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು!"

ಯಶವಂತನ ಮುಖದ ನಗು ಮಾಯವಾಯಿತು. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಆ ಸಾಲು ಸರಿಯಾಗಿತ್ತು. ತಾರೀಖು ಮೂರು ವಾರದ ಹಿಂದಿನದು. ಟೀಮಿಗೆ ಮಾತ್ರ ಕಳಿಸಿರಲಿಲ್ಲ.

"ನಿಮ್ಮ ಚೆಕರ್ ಹೇಳಿದ್ದು ನಿಜ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಕಳಿಸ್ಲಿಲ್ಲ?"

"ಕಳಿಸಿದ್ರೆ..." ಅವನ ಕಿವಿ ಕೆಂಪಾಯಿತು. "ನೀವು ಫೋನ್ ಮಾಡೋದು ನಿಂತು ಹೋಗ್ತಿತ್ತು."

ಅಯ್ಯೋ! ಅವಳಿಗೆ ಒಳಗೊಳಗೇ ಹಿಗ್ಗಾಯಿತು, ಅದಕ್ಕಿಂತ ಹೆಚ್ಚು ಸಿಟ್ಟೂ ಬಂತು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದ್ರೆ ಇದೇ!"

"ತಪ್ಪಾಯ್ತು ರೀ. ಇಷ್ಟು ದೂರ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

ಅಲ್ಲೇ ನಿಂತು ಅವನು ಆ ಸಾಲನ್ನು ಕಳಿಸಿದ. ಜೊತೆಗೆ ಇಡೀ ಟೀಮಿಗೆ ಬರೆದ: 'ಎಚ್ಚರಿಕೆ ನಿಜ. ಮೂರು ವಾರದಿಂದ ನನಗೆ ಗೊತ್ತಿತ್ತು. ತಡಮಾಡಿದ್ದು ನನ್ನ ಸ್ವಂತ ಕಾರಣಕ್ಕೆ. ಚೆಕರ್ ಆಫ್ ಮಾಡಬೇಡಿ.'

"ನಿಮ್ಮ ಮರ್ಯಾದೆ ಹೋಗ್ತದಲ್ಲ?" ಅವಳ ದನಿ ಮೆತ್ತಗಾಗಿತ್ತು.

"ಹೋಗ್ಲಿ ಬಿಡಿ. ನಿಮ್ಮ ಎರಡು ವರ್ಷಕ್ಕಿಂತ ದೊಡ್ಡದಾ ಅದು?"

ಅವನು ತಂದ ಬಿಸಿ ಪಳಂಪೊರಿಯನ್ನು, ಬಾಳೆಹಣ್ಣಿನ ಬಜ್ಜಿಯನ್ನು, ಅವಳು ಮುಖ ತಿರುಗಿಸಿಕೊಂಡೇ ತಿಂದಳು. ಬಾಳೆಹಣ್ಣು ಜೇನಿನಷ್ಟು ಸಿಹಿಯಾಗಿತ್ತು. ಇನ್ನೊಂದಕ್ಕೂ ಕೈ ಚಾಚಿದಳು.

ಶುಕ್ರವಾರ ಸುಮಿತ್ರ ಮ್ಯಾಡಂ ಯಶವಂತನಿಗೆ ಎಲ್ಲರೆದುರು ಚೆನ್ನಾಗಿ ಬೈದರು, ಚೆಕರನ್ನು ಉಳಿಸಿದರು. ಕಳಕ್ಕೂಟಂನಲ್ಲಿ ನಿಶ್ಮಿತಾ ಅದನ್ನು ಯಶವಂತನ ಕೋಡಿನ ಮೇಲೆ ಕೊನೆಯ ಬಾರಿ ಓಡಿಸಿ ನೋಡಿದಳು. ಕೆಂಪು ಗೆರೆ ಒಂದೂ ಇರಲಿಲ್ಲ.

ಗಂಟೆ ಆರಾಯಿತು. ಫೋನ್ ಮಾಡಲು ಕಾರಣವಿರಲಿಲ್ಲ. ಆರೂ ಹತ್ತಕ್ಕೆ ಮಾಡಿಯೇಬಿಟ್ಟಳು.

"ಏನ್ರೀ, ಮತ್ತೆಲ್ಲಿ ತಪ್ಪು ಮಾಡಿದೀನಿ?"

"ಎಲ್ಲಿಯೂ ಇಲ್ಲ. ಸುಮ್ಮನೆ ಮಾಡಿದ್ದು. ನಾಳೆಯೂ ಸುಮ್ಮನೆ ಮಾಡ್ತೇನೆ." ಅವಳು ಉಸಿರು ತೆಗೆದುಕೊಂಡಳು. "ನಿಮ್ಮನ್ನು ಕಂಡ್ರೆ ನಂಗೆ ಇಷ್ಟ. ಎಂತ ಮಾಡುದು?"

ಆ ಕಡೆ ಅವನು ಕುರ್ಚಿ ಸರಿಸಿ ಎದ್ದ ಸದ್ದಾಯಿತು.

"ನಾಳೆ ಫೋನ್ ಬೇಡ ಕಣ್ರೀ. ಬೆಳಗಿನ ರೈಲಿಗೆ ನಾನೇ ಬರ್ತೀನಿ."

"ಬನ್ನಿ," ನಿಶ್ಮಿತಾ ನಕ್ಕಳು. "ಲ್ಯಾಪ್‌ಟಾಪ್ ಮಾತ್ರ ತರ್ಬೇಡಿ."